ಹ್ಯಾವ್‌ಲಾಕ್‌ಗೆ ಹೊರಟಿದ್ದೀರಾ? ಮೊದಲು ಹೊತ್ತು ನೋಡ್ಕೊಳ್ಳಿ

ಪ್ರಶ್ನೆ: ನಮಸ್ಕಾರ ಮೇಡಂ, ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗ್ತಿದ್ದೀವಿ, ಅಲ್ಲಿ ಎರಡು ರಾತ್ರಿ ಇರ್ತೀವಿ. ಮ್ಯಾಪ್ ನೋಡಿದ್ರೆ ಒಂದನೇ ನಂಬರ್, ಮೂರನೇ ನಂಬರ್, ಐದು, ಏಳು ಅಂತ ಬರೀ ನಂಬರ್‌ಗಳೇ, ಒಂದೂ ಅರ್ಥ ಆಗ್ತಿಲ್ಲ. ಅಮ್ಮನಿಗೆ ಮಂಡಿನೋವು. ರೂಮ್ ಎಲ್ಲಿ ಮಾಡ್ಬೇಕು, ಓಡಾಡೋಕೆ ಏನು ಸಿಗುತ್ತೆ, ದಯವಿಟ್ಟು ತಿಳಿಸಿ.

ಉತ್ತರ: ಆ ನಂಬರ್‌ಗಳು ಊರುಗಳದ್ದು. ಹಿಂದೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಇಲ್ಲಿ ಜಾಗ ಕೊಟ್ಟು ನೆಲೆ ಮಾಡಿಸಿದ್ರು, ಅದಕ್ಕೇ ಗೋವಿಂದನಗರ, ಶ್ಯಾಮನಗರ, ರಾಧಾನಗರ ಅಂತ ಬಂಗಾಳಿ ಹೆಸರುಗಳು, ಬೀಚ್‌ಗಳನ್ನೂ ಅದೇ ನಂಬರ್‌ನಿಂದ ಕರೀತಾರೆ. ದ್ವೀಪದ ದಕ್ಷಿಣ ಭಾಗ ಬಹುಪಾಲು ಕಾಡು, ಊರುಗಳೆಲ್ಲ ಉತ್ತರದಲ್ಲೇ ಇರೋದು. ರಸ್ತೇನ ತಲೇಲಿಟ್ಕೊಳ್ಳೋದು ಸುಲಭ. ಉತ್ತರದ ತುದೀಲಿ ಹಡಗು ಬಂದು ನಿಲ್ಲೋ ಜೆಟ್ಟಿ, ಅಲ್ಲಿಂದ ಸ್ವಲ್ಪ ಮುಂದೆ ಬಂದ್ರೆ ಮೂರನೇ ನಂಬರ್ ಬಜಾರ್, ಅಲ್ಲಿ ರಸ್ತೆ ಕವಲೊಡೆಯುತ್ತೆ. ಒಂದು ಪೂರ್ವದ ದಡದಲ್ಲೇ ಐದನೇ ನಂಬರ್ ದಾಟಿ ಕಾಲಾಪತ್ಥರ್ ಬೀಚ್‌ಗೆ ಹೋಗುತ್ತೆ, ಇನ್ನೊಂದು ಒಳಗಿನ ದಾರೀಲಿ ಪಶ್ಚಿಮದ ಏಳನೇ ನಂಬರ್, ಅಂದ್ರೆ ರಾಧಾನಗರ ಬೀಚ್‌ಗೆ. ಜೆಟ್ಟಿಯಿಂದ ರಾಧಾನಗರ ಸುಮಾರು 12 ಕಿಲೋಮೀಟರ್ ಅಷ್ಟೇ.

ದೂರಕ್ಕಿಂತ ಹೊತ್ತಿನ ವಿಷಯದಲ್ಲೇ ಜನ ಎಡವೋದು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತೆ, ಹ್ಯಾವ್‌ಲಾಕ್ ಇರೋದು 93ರ ಹತ್ರ, ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂದ್ರೂ ಸೂರ್ಯ ನಲವತ್ತು ನಿಮಿಷ ಮುಂದೆ ಓಡ್ತಿರ್ತಾನೆ, ಹಾಗಾಗಿ ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗಿಬಿಡುತ್ತೆ. ಊಟ ಮಾಡಿ ಒಂದು ನಿದ್ದೆ ತೆಗೆದು ನಾಲ್ಕೂವರೆಗೆ ರಾಧಾನಗರಕ್ಕೆ ಹೊರಟವರು ಎದುರಿಗೆ ವಾಪಸ್ ಬರೋ ಜನರನ್ನ ನೋಡ್ಕೊಂಡು ಕತ್ತಲಲ್ಲಿ ಬೀಚ್ ತಲುಪ್ತಾರೆ, ನಂಗೂ ಮೊದಲ ಸಲ ಹಾಗೇ ಆಗಿ ತುಂಬಾ ಬೇಜಾರಾಗಿತ್ತು. ನೀವು ಮೂರು ಗಂಟೆಗೇ ಅಲ್ಲಿರಿ. ಮೆತ್ತನೆ ಮರಳು, ಕಲ್ಲಿಲ್ಲ, ಅಮ್ಮನಿಗೆ ಕಾಲಿಡೋಕೆ ಇದಕ್ಕಿಂತ ಒಳ್ಳೇ ಜಾಗ ಆ ದ್ವೀಪದಲ್ಲಿ ಇಲ್ಲ. ಉಪ್ಪುನೀರಿನ ಮೊಸಳೆ ಅಂತ ಬೋರ್ಡ್ ಹಾಕಿರೋ ಕಡೆ ಮಾತ್ರ ನೀರಿಗೆ ಇಳೀಲೇಬೇಡಿ.

ಪೂರ್ವದ ದಡದ ಕಥೆ ಬೇರೆ, ಅಲ್ಲಿ ಉಬ್ಬರ ಇಳಿತ ನೋಡ್ಕೊಂಡೇ ಹೋಗ್ಬೇಕು. ಐದನೇ ನಂಬರ್‌ನಲ್ಲಿ ಬೆಳಿಗ್ಗೆ ಎದ್ದು ನೋಡಿದಾಗ ರಾತ್ರಿ ತೇಲ್ತಿದ್ದ ದೋಣಿ ಮರಳಿನ ಮೇಲೆ ಪಕ್ಕಕ್ಕೆ ವಾಲ್ಕೊಂಡು ಕೂತಿತ್ತು, ಸಮುದ್ರ ಎಲ್ಲೋ ದೂರ, ಮಧ್ಯೆ ಪೂರ್ತಿ ಸತ್ತ ಹವಳದ ಕಲ್ಲು, ಸಣ್ಣ ಸಣ್ಣ ಗುಂಡೀಲಿ ನಿಂತ ನೀರು, ಅದರಲ್ಲಿ ಬೆರಳುದ್ದದ ಮೀನು. ನೋಡೋಕೆ ಚೆಂದ, ಈಜೋಕೆ ಆಗಲ್ಲ, ಬರಿಗಾಲಲ್ಲಿ ನಡೆದ್ರೆ ಅಂಗಾಲು ಕುಯ್ಯುತ್ತೆ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ಅಮಾವಾಸ್ಯೆ ಹುಣ್ಣಿಮೆ ಹತ್ರ ನೀರು ಇನ್ನೂ ದೂರ ಸರಿಯುತ್ತೆ. ಹೋಟೆಲ್‌ನವರನ್ನ ಕೇಳಿದ್ರೆ ಆ ದಿನದ ಟೈಮ್ ಹೇಳ್ತಾರೆ. ಸೂರ್ಯೋದಯ ಇದೇ ದಡದಲ್ಲಿ, ಐದೂವರೆ ಆಸುಪಾಸಿಗೆ, ಅದಕ್ಕೇ ರೂಮ್ ಮೂರನೇ ನಂಬರ್‌ನಿಂದ ಐದರ ನಡುವೆ ಮಾಡಿ ಅನ್ನೋದು ನನ್ನ ಸಲಹೆ, ಬಜಾರ್, ಜೆಟ್ಟಿ ಎರಡೂ ಹತ್ರ.

ಬಾಡಿಗೆ ಸ್ಕೂಟರ್ ಸಿಗುತ್ತೆ, ಆದ್ರೆ ಅಪ್ಪ ಅಮ್ಮ ಜೊತೇಲಿದ್ದಾರಲ್ಲ, ಆಟೋನೋ ಕಾರೋ ಮಾತಾಡ್ಕೊಳ್ಳಿ, ರಾಧಾನಗರಕ್ಕೆ ಹೋದಾಗ ವಾಪಸ್ ಕರ್ಕೊಂಡು ಬರೋದನ್ನೂ ಸೇರಿಸಿ. ಎಲಿಫೆಂಟ್ ಬೀಚ್‌ಗೆ ಕಾಡೊಳಗೆ ನಡೆಯೋ ದಾರಿ ಇದೆ, ಕೆಸರು ಬೇರುಗಳ ದಾರಿ, ಅಮ್ಮನಿಗೆ ಖಂಡಿತ ಬೇಡ, ಜೆಟ್ಟಿಯಿಂದ ಬೋಟ್‌ನಲ್ಲೇ ಹೋಗಿ.

ಪ್ರಶ್ನೆ: ಟಿಕೆಟ್‌ನಲ್ಲಿ ಹ್ಯಾವ್‌ಲಾಕ್ ಅಂತಾನೇ ಇಲ್ಲ, ಸ್ವರಾಜ್ ದ್ವೀಪ್ ಅಂತಿದೆ, ತಪ್ಪು ಬುಕ್ ಮಾಡಿದ್ನಾ?

ಉತ್ತರ: ಇಲ್ಲ, ಸರಿಯಾಗೇ ಇದೆ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯ್ತು, ಪಕ್ಕದ ನೀಲ್ ದ್ವೀಪ ಶಹೀದ್ ದ್ವೀಪ ಆಯ್ತು. ವಿಮಾನ ಇಳಿಯೋ ಪೋರ್ಟ್ ಬ್ಲೇರ್‌ಗೂ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ರು. ಫೋಟೋ ಇರೋ ಗುರುತಿನ ಚೀಟಿ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ಇನ್ನೊಂದು ಮಾತು, ಸಮುದ್ರ ಜೋರಿದ್ರೆ ಹಡಗು ಕ್ಯಾನ್ಸಲ್ ಆಗುತ್ತೆ, ಹಾಗಾಗಿ ವಿಮಾನ ಹತ್ತೋ ದಿನಾನೇ ದ್ವೀಪದಿಂದ ಹೊರಡೋ ಪ್ಲಾನ್ ಬೇಡ, ಹಿಂದಿನ ರಾತ್ರೀನೇ ಪೋರ್ಟ್ ಬ್ಲೇರ್‌ಗೆ ಬಂದು ಉಳ್ಕೊಳ್ಳಿ.