ಕೆನ್ನೆ ಇಳಿದರೆ ಕ್ರೀಮ್ ಏನು ಮಾಡೀತು?

ಪ್ರಶ್ನೆ: ನನಗೆ 51 ವರ್ಷ. ಎರಡು ವರ್ಷಗಳಲ್ಲಿ ಕೆನ್ನೆ ಜೋತುಬಿದ್ದಿದೆ. ಮೂಗಿನ ಪಕ್ಕದಿಂದ ಬಾಯಿಯವರೆಗಿನ ಗೆರೆ ಆಳವಾಗಿದೆ, ಕಣ್ಣ ಕೆಳಗೆ ಗುಳಿ ಬಿದ್ದಿದೆ. ಮುಟ್ಟು ನಿಂತು ಮೂರು ವರ್ಷವಾಯಿತು. ಚರ್ಮ ಬಿಗಿ ಮಾಡುವ ಕ್ರೀಮ್‌ಗಳನ್ನು ಹಚ್ಚಿದೆ, ಮುಖದ ವ್ಯಾಯಾಮವನ್ನೂ ಮಾಡುತ್ತಿದ್ದೇನೆ. ಯಾವ ಕ್ರೀಮ್ ಒಳ್ಳೆಯದು?

ವಯಸ್ಸೊಂದು ಬದಲಾಗುತ್ತದೆ, ಪ್ರಶ್ನೆ ಇದೇ. ಇದುವರೆಗೆ ನಾಲ್ಕು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುತ್ತಿದ್ದೆ. ಯಾರೂ ನಂಬಿದಂತಿಲ್ಲ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಇಳಿದ ಕೆನ್ನೆಯನ್ನು ಎತ್ತುವ ಕ್ರೀಮ್ ಇಲ್ಲ. ಏಕೆಂದರೆ ತೊಂದರೆ ಇರುವುದು ಕ್ರೀಮ್ ತಲುಪುವ ಜಾಗದಲ್ಲಲ್ಲ. ಡೇರೆಯ ಬಟ್ಟೆ ಸುಕ್ಕಾಗಿದೆ ಎಂದು ನೀವು ಬಟ್ಟೆಗೇ ಇಸ್ತ್ರಿ ಹಾಕುತ್ತಿದ್ದೀರಿ, ಒಳಗಿನ ಕಂಬ ಗಿಡ್ಡವಾಗಿರುವುದನ್ನು ನೋಡಿಲ್ಲ.

ಕಂಬ ಎಂದರೆ ಮೂಳೆ. ವಯಸ್ಸಾದಂತೆ ಕಣ್ಣಿನ ಗೂಡು ಅಗಲವಾಗುತ್ತದೆ. ಮೇಲ್ದವಡೆ ಹಿಂದಕ್ಕೆ ಸರಿಯುತ್ತದೆ, ಮೂಗಿನ ಬುಡದ ಮೂಳೆಯ ಕಿಂಡಿ ಹಿಗ್ಗುತ್ತದೆ. ಆಧಾರ ಹಿಂದೆ ಸರಿದ ಮೇಲೆ ಮೂಗಿನ ತುದಿ ಬಾಗುವುದು, ಪಕ್ಕದ ಗೆರೆ ಆಳವಾಗುವುದು ಸಹಜ. ಹಲ್ಲು ಬಿದ್ದವರಲ್ಲಿ ಇದು ಇನ್ನೂ ಬೇಗ: ಹಲ್ಲನ್ನು ಹಿಡಿದಿದ್ದ ಮೂಳೆ ಕೆಲಸವಿಲ್ಲದೆ ಕರಗುತ್ತದೆ, ಮುಖದ ಕೆಳಭಾಗವೇ ಗಿಡ್ಡವಾಗುತ್ತದೆ. ಕ್ರೀಮಿಗೆ ಸುರಿಯುವ ದುಡ್ಡನ್ನು ದಂತವೈದ್ಯರಿಗೆ ಕೊಡಿ ಎಂದರೆ ನನ್ನ ರೋಗಿಗಳು ಮುನಿಸಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ.

ಮೂಳೆಯ ಮೇಲೆ ಕೊಬ್ಬು. ಇದು ಕೆನ್ನೆಯ ತುಂಬ ಒಂದೇ ಹಾಸಿಗೆಯಂತೆ ಹರಡಿಕೊಂಡಿಲ್ಲ. ರಾಡ್ ರೋರಿಚ್ ಮತ್ತು ಜೋಯಲ್ ಪೆಸ್ಸಾ ಎಂಬ ಶಸ್ತ್ರವೈದ್ಯರು ಮೃತದೇಹಗಳ ಮುಖದ ಕೊಬ್ಬಿಗೆ ಬಣ್ಣ ಚುಚ್ಚಿ ನೋಡಿದರು. ಬಣ್ಣ ಎಲ್ಲ ಕಡೆ ಹರಡಲಿಲ್ಲ, ಒಂದೊಂದು ಖಾನೆಯಲ್ಲೇ ನಿಂತಿತು. 2007ರಲ್ಲಿ ಅದು ಪ್ರಕಟವಾದ ಮೇಲೆ ನಾವೆಲ್ಲ ಮುಖವನ್ನು ನೋಡುವ ರೀತಿಯೇ ಬದಲಾಯಿತು. ಈ ಖಾನೆಗಳು ಒಂದೇ ಲೆಕ್ಕದಲ್ಲಿ ಮುದಿಯಾಗುವುದಿಲ್ಲ. ಕೆನ್ನೆಯ ಆಳದ ಕೊಬ್ಬು ಬತ್ತುತ್ತದೆ. ಅದರ ಮೇಲೆ ಕೂತಿದ್ದ ಹೊರಪದರದ ಕೊಬ್ಬು ಕೆಳಗಿನ ದಿಂಬು ಹೋದಂತಾಗಿ ಜಾರುತ್ತದೆ. ಜಾರಿದ್ದು ಚರ್ಮವನ್ನು ಮೂಳೆಗೆ ಬಿಗಿದಿರುವ ತಂತುಗಳ ಬಳಿ ಬಂದು ನಿಲ್ಲುತ್ತದೆ, ಅಲ್ಲೇ ಮಡಿಕೆ ಕಾಣುತ್ತದೆ. ಇತ್ತೀಚೆಗೆ ತೂಕವನ್ನೇನಾದರೂ ಬೇಗ ಇಳಿಸಿದಿರಾ? ಬರೆದಿಲ್ಲ. ಅದೂ ಕೆನ್ನೆಯನ್ನು ಹೀಗೇ ಬರಿದು ಮಾಡುತ್ತದೆ.

ಚರ್ಮ ಕಡೆಯದು. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್ ಆದ ಕೊಲಾಜೆನ್‌ನಲ್ಲಿ ಸುಮಾರು 30% ಹೋಗುತ್ತದೆ. ‘ಎರಡು ವರ್ಷಗಳಲ್ಲಿ’ ಎಂದು ನೀವು ಬರೆದಿರುವುದು ಉತ್ಪ್ರೇಕ್ಷೆಯೇನಲ್ಲ.

ಹಾಗಾದರೆ ಕೊಲಾಜೆನ್ ಕ್ರೀಮ್? ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ (ಅಣುವಿನ ತೂಕ ಅಳೆಯುವ ಮಾನ) ದೊಡ್ಡ ಅಣು ಚರ್ಮದೊಳಗೆ ಇಳಿಯುವುದಿಲ್ಲ. ಕೊಲಾಜೆನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಹಚ್ಚಿದಾಗ ನುಣುಪು ಕಾಣುವುದು ಮೇಲ್ಪದರ ನೀರು ಹೀರಿದ್ದರಿಂದ, ಸಂಜೆಗೆ ಅದೂ ಇಲ್ಲ.

ವ್ಯಾಯಾಮದ ಮಾತು. ತೋಳಿನ ಸ್ನಾಯು ಮೂಳೆಯನ್ನು ಎಳೆದರೆ ಮುಖದ ಸ್ನಾಯು ಚರ್ಮವನ್ನೇ ಎಳೆಯುತ್ತದೆ. ಹಣೆಯ ಗೆರೆ, ಕಣ್ಣ ತುದಿಯ ಗೆರೆ ಬಿದ್ದಿರುವುದೇ ಹಾಗೆ ಎಳೆದೆಳೆದು. 2018ರ ಒಂದು ಅಧ್ಯಯನದಲ್ಲಿ ವ್ಯಾಯಾಮದಿಂದ ಕೆನ್ನೆ ತುಸು ತುಂಬಿತು ಎಂದರು, ನಿಜ. 20 ವಾರ ಪೂರೈಸಿದ್ದು 16 ಮಹಿಳೆಯರು, ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಅದನ್ನೇ ಹಿಡಿದುಕೊಂಡು ತರಗತಿ ನಡೆಸುವವರು ಈ ಎರಡನೇ ವಾಕ್ಯವನ್ನು ಹೇಳುವುದಿಲ್ಲ.

ಮಾಡಬಹುದಾದದ್ದು: ದಿನವೂ ಸನ್‌ಸ್ಕ್ರೀನ್. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ನೋಡಿದರು. ದಿನಾ ಹಚ್ಚಿದವರ ಚರ್ಮ, ಬೇಕೆನಿಸಿದಾಗ ಹಚ್ಚಿದವರದ್ದಕ್ಕಿಂತ 24% ಕಡಿಮೆ ಮುಪ್ಪಾಗಿತ್ತು. ರಾತ್ರಿಗೆ ಟ್ರೆಟಿನಾಯಿನ್ ಎಂಬ ಎ ಜೀವಸತ್ವದ ಬಗೆಯ ಮುಲಾಮು, ವೈದ್ಯರು ಬರೆದುಕೊಟ್ಟರೆ ಮಾತ್ರ. ಗರ್ಭಿಣಿಯರು ಇದನ್ನು ಮುಟ್ಟಬಾರದು. ಸಣ್ಣ ಸುಕ್ಕಿಗೆ ಇವು ಸಾಕು, ಜೋತ ಕೆನ್ನೆಗೆ ಸಾಲವು. ಕೆನ್ನೆಯೇ ಮುಖ್ಯವೆಂದರೆ ಫಿಲ್ಲರ್ (ಬರಿದಾದ ಜಾಗ ತುಂಬಲು ಚುಚ್ಚುವ ಜೆಲ್) ಅಥವಾ ಶಸ್ತ್ರಕ್ರಿಯೆ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಅಪರೂಪವೇ, ಆದರೂ ಮೂಗಿನ ಮೇಲೆ, ಹುಬ್ಬಿನ ನಡುವೆ ನಾನು ಚುಚ್ಚುವುದಿಲ್ಲ. ಹೇಡಿ ಅನ್ನಿ, ಪರವಾಗಿಲ್ಲ. ಪಾರ್ಲರ್‌ನಲ್ಲಿ ಅಗ್ಗಕ್ಕೆ ಚುಚ್ಚುತ್ತಾರೆ ಎಂದು ಹೋಗಬೇಡಿ.

ಪ್ರಶ್ನೆ: ವಯಸ್ಸಾದ ಮೇಲೂ ಕಿವಿ ಬೆಳೆಯುತ್ತದೆಯೇ?

ಉದ್ದವಾಗುತ್ತದೆ, ವರ್ಷಕ್ಕೆ ಸುಮಾರು 0.22 ಮಿ.ಮೀ. ಅದಕ್ಕೆ ಔಷಧ ಬೇಡ.

ಪ್ರಶ್ನೆ: ನಾನು ಚಾಲಕ. ಮುಖದ ಒಂದೇ ಪಕ್ಕ ಹೆಚ್ಚು ಸುಕ್ಕುಗಟ್ಟಿದೆ. ಏಕೆ?

ಕಿಟಕಿ ಆ ಪಕ್ಕಕ್ಕೇ ಇರಬೇಕು. 28 ವರ್ಷ ಲಾರಿ ಓಡಿಸಿದ 69ರ ಒಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು: ಅರ್ಧ ಮುಖಕ್ಕೆ ಒಂದು ವಯಸ್ಸು, ಇನ್ನರ್ಧಕ್ಕೆ ಇನ್ನೊಂದು. ಚರ್ಮವನ್ನು ಮುಪ್ಪಾಗಿಸುವ ಬಿಸಿಲಿನ ಯುವಿ-ಎ ಕಿರಣವನ್ನು ಮಾಮೂಲಿ ಗಾಜು ಅಷ್ಟಾಗಿ ತಡೆಯುವುದಿಲ್ಲ.

ಪ್ರಶ್ನೆ: ಪರಿಚಯದವರು ಕೊಟ್ಟ ಹೆಸರಿಲ್ಲದ ಕ್ರೀಮ್‌ನಿಂದ ವಾರದಲ್ಲೇ ಮುಖ ಹೊಳೆಯಿತು. ಈಗ ಬಿಟ್ಟರೆ ಉರಿ, ಕೆಂಪು. ಮುಂದುವರಿಸಲೇ?

ಬಹುಶಃ ಸ್ಟೆರಾಯ್ಡ್. ಚರ್ಮವನ್ನು ತೆಳ್ಳಗೆ ಮಾಡಿ ಹೊಳಪು ತೋರಿಸುವ ಇಂಥ ಹಳೆಯ ಮೋಸಕ್ಕೆ ವರ್ಷಕ್ಕೊಂದು ಹೊಸ ಡಬ್ಬಿ. ಆ ಡಬ್ಬಿಯನ್ನೇ ತೆಗೆದುಕೊಂಡು ಈ ವಾರ ಚರ್ಮವೈದ್ಯರ ಬಳಿ ಹೋಗಿ. ಕೊಟ್ಟವರ ಬಳಿಗಲ್ಲ.

ಪ್ರಶ್ನೆ: ತಂದೆಗೆ 68. ಮೊನ್ನೆ ಬೆಳಗ್ಗೆ ಎದ್ದಾಗಿನಿಂದ ಬಾಯಿ ಒಂದು ಕಡೆ ಸೊಟ್ಟಗಿದೆ. ವಯಸ್ಸಿನಿಂದ ಹೀಗಾಗುತ್ತದೆಯೇ?

ಆಗುವುದಿಲ್ಲ! ವಯಸ್ಸು ರಾತ್ರೋರಾತ್ರಿ ಮುಖವನ್ನು ಸೊಟ್ಟ ಮಾಡುವುದಿಲ್ಲ. ಅದು ಪಾರ್ಶ್ವವಾಯು ಇರಬಹುದು, ಮುಖದ ನರದ ಬಾವು ಇರಬಹುದು. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ, ಎರಡನೆಯದಕ್ಕೆ ಮಾತ್ರೆ ಶುರುಮಾಡಲು ಮೂರು ದಿನ. ಪತ್ರ ನನ್ನ ಕೈಸೇರಿದ ದಿನವೇ ಸಂಪಾದಕರಿಂದ ಫೋನ್ ಮಾಡಿಸಿದೆ. ಇಂಥದ್ದನ್ನು ಇಲ್ಲಿಗೆ ಬರೆಯುತ್ತ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.