ಒಂದು ವಾಕ್ಯದಲ್ಲಿ ಐದು ಕ್ರಿಯೆಗಳಿದ್ದರೂ ಅದು ಸಾಮಾನ್ಯ ವಾಕ್ಯವಾಗುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳ ಅಭ್ಯಾಸದ ಹಾಳೆಯಲ್ಲಿ ‘ಊರಿನಿಂದ ಬಂದ ಅಣ್ಣನು, ಅಮ್ಮ ಕೊಟ್ಟ ಬುತ್ತಿಯನ್ನು ನನ್ನ ಕೈಗಿಟ್ಟು, ತಾನು ಸಂಜೆಯ ಬಸ್ಸಿಗೆ ಹೊರಡುವುದಾಗಿ ಹೇಳಿದನು’ ಎಂಬ ವಾಕ್ಯವಿತ್ತು. ಬರುವುದು, ಕೊಡುವುದು, ಇಡುವುದು, ಹೊರಡುವುದು, ಹೇಳುವುದು ಎಂದು ಐದು ಕೆಲಸಗಳು ಅದರಲ್ಲಿರುವುದರಿಂದ ಅದನ್ನು ಮಿಶ್ರವಾಕ್ಯವೆಂದು, ಅಂದರೆ ಒಂದು ವಾಕ್ಯದೊಳಗೆ ಇನ್ನೊಂದು ವಾಕ್ಯ ಅಧೀನವಾಗಿರುವುದೆಂದು, ನೀವು ಹೇಳಿಕೊಟ್ಟಿರಿ. ಶಾಲೆಯಲ್ಲಿ ಅದನ್ನು ಒಂದೇ ಪೂರ್ಣ ಕ್ರಿಯಾಪದವುಳ್ಳ ಸಾಮಾನ್ಯ ವಾಕ್ಯವೆಂದು ತಿದ್ದಿದರು. ಇವೆರಡರಲ್ಲಿ ಯಾವುದು ಸರಿ, ಮತ್ತು ಕ್ರಿಯಾಪದವನ್ನೂ ಉಪವಾಕ್ಯವನ್ನೂ ಗುರುತಿಸುವ ನಂಬಬಹುದಾದ ದಾರಿ ಯಾವುದು ಎಂಬುದು ನಿಮ್ಮ ಪ್ರಶ್ನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಶಾಲಾ ವ್ಯಾಕರಣದ ಲಕ್ಷಣದಂತೆ ನೋಡಿದರೆ ತಿದ್ದಿದವರ ಉತ್ತರವೇ ಸರಿ, ಏಕೆಂದರೆ ಆ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಒಂದೇ ಒಂದಿದೆ: ‘ಹೇಳಿದನು’. ಹಾಗೆಂದು ನಿಮ್ಮ ಅನುಮಾನ ಆಧಾರವಿಲ್ಲದ್ದೇನೂ ಅಲ್ಲ. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕೆಲಸವನ್ನು ಸೂಚಿಸುವ ಪದವೆಲ್ಲ ಕ್ರಿಯಾಪದವೆಂದು ಎಣಿಸುವುದರಿಂದಲೇ ಲೆಕ್ಕ ತಪ್ಪುತ್ತದೆ. ಕನ್ನಡದಲ್ಲಿ ಧಾತುವಿಗೆ, ಅಂದರೆ ಕ್ರಿಯೆಯ ಮೂಲರೂಪಕ್ಕೆ, ಮೊದಲು ಕಾಲಸೂಚಕ ಪ್ರತ್ಯಯವೂ ಅದರ ಮೇಲೆ ಆಖ್ಯಾತ ಪ್ರತ್ಯಯವೂ ಸೇರಿದಾಗ ಕ್ರಿಯಾಪದವಾಗುತ್ತದೆ: ಹೇಳು, ದ, ಅನು ಸೇರಿ ‘ಹೇಳಿದನು’, ಹೇಳು, ಉತ್ತ, ಆನೆ ಸೇರಿ ‘ಹೇಳುತ್ತಾನೆ’. ಕೊನೆಯಲ್ಲಿ ಬರುವ ಈ ‘ಅನು’, ‘ಆನೆ’ಗಳು ಕರ್ತೃವಿನ ಲಿಂಗ, ವಚನ, ಪುರುಷಗಳನ್ನು ಹೊತ್ತು ತರುತ್ತವೆ. ಧಾತುವಿಗೆ ಆಖ್ಯಾತ ಪ್ರತ್ಯಯ ಸೇರದೆ ಕೃತ್ ಪ್ರತ್ಯಯ ಸೇರಿದರೆ ಆಗುವುದು ಕೃದಂತ. ಅದು ಕೆಲಸವನ್ನು ಸೂಚಿಸುತ್ತದೆ, ಕರ್ಮವನ್ನು ಬೇಡುತ್ತದೆ, ತನ್ನದೇ ಕರ್ತೃವನ್ನೂ ಇಟ್ಟುಕೊಳ್ಳಬಲ್ಲದು; ಆದರೆ ವಾಕ್ಯವನ್ನು ಮುಗಿಸಲಾರದು. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣವೆಂಬ ತನ್ನ ಹಳಗನ್ನಡ ವ್ಯಾಕರಣದಲ್ಲಿ ಆಖ್ಯಾತಕ್ಕೆ ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟು, ಕೃತ್ ಪ್ರತ್ಯಯದಿಂದಾಗುವ ಪದಗಳನ್ನು ನಾಮದ ಕಡೆಗೆ ಸೇರಿಸಿದ್ದಾನೆ.

ಪರೀಕ್ಷಿಸುವ ದಾರಿ ಇದರಿಂದಲೇ ಸಿಗುತ್ತದೆ. ಕರ್ತೃವನ್ನು ಬದಲಿಸಿ, ಯಾವ ಪದದ ಬಾಲ ಬದಲಾಗುತ್ತದೆ ಎಂಬುದನ್ನು ನೋಡಬೇಕು. ‘ಅಣ್ಣನು’ ಇದ್ದಲ್ಲಿ ‘ಅಕ್ಕ’ ಎಂದಿಡಿ: ‘ಊರಿನಿಂದ ಬಂದ ಅಕ್ಕ, ಅಮ್ಮ ಕೊಟ್ಟ ಬುತ್ತಿಯನ್ನು ನನ್ನ ಕೈಗಿಟ್ಟು, ತಾನು ಸಂಜೆಯ ಬಸ್ಸಿಗೆ ಹೊರಡುವುದಾಗಿ ಹೇಳಿದಳು.’ ‘ಅಣ್ಣಂದಿರು’ ಎಂದರೆ ‘ತಾನು’ ಹೋಗಿ ‘ತಾವು’ ಬರುತ್ತದೆ, ‘ಹೇಳಿದನು’ ಹೋಗಿ ‘ಹೇಳಿದರು’ ಬರುತ್ತದೆ; ಬಂದ, ಇಟ್ಟು, ಹೊರಡುವುದಾಗಿ ಎಂಬವು ಅಲುಗುವುದಿಲ್ಲ. ‘ಕೊಟ್ಟ’ ಎಂಬುದಕ್ಕೆ ‘ಅಮ್ಮ’ ಎಂಬ ಸ್ವಂತ ಕರ್ತೃವಿದೆ, ಆದರೂ ‘ಅಪ್ಪ ಕೊಟ್ಟ’, ‘ನಾನು ಕೊಟ್ಟ’, ‘ನೆರೆಯವರು ಕೊಟ್ಟ’ ಎಂದು ಎಷ್ಟು ಬದಲಿಸಿದರೂ ಅದು ‘ಕೊಟ್ಟ’ ಆಗಿಯೇ ಉಳಿಯುತ್ತದೆ.

ಈ ಪರೀಕ್ಷೆ ಕೈಕೊಡುವ ಜಾಗಗಳೂ ಇವೆ. ಇಲ್ಲ, ಅಲ್ಲ, ಬೇಕು, ಬೇಡ, ಸಾಕು, ಉಂಟು ಎಂಬ ಪದಗಳು ಕರ್ತೃ ಯಾವುದಿದ್ದರೂ ಬದಲಾಗುವುದಿಲ್ಲ. ‘ನಾನು ಬರಲಿಲ್ಲ’, ‘ಅವರು ಬರಲಿಲ್ಲ’, ‘ನೀನು ಹೋಗಬೇಕು’, ‘ಅವಳು ಹೋಗಬೇಕು’ ಎಂಬಲ್ಲೆಲ್ಲ ಕೊನೆಯ ಪದ ಒಂದೇ. ಆದರೂ ಇವು ವಾಕ್ಯವನ್ನು ಮುಗಿಸುತ್ತವೆಯಾದ್ದರಿಂದ ಪೂರ್ಣ ಕ್ರಿಯೆಯ ಸ್ಥಾನದಲ್ಲಿಯೇ ಇವೆ. ಅನುಮಾನ ಬಂದಾಗ ನಿಷೇಧವನ್ನು ತೆಗೆದು ‘ಬಂದೆನು’, ‘ಬಂದರು’ ಎಂದು ಹೇಳಿ ನೋಡಿದರೆ ಬಾಲ ಮತ್ತೆ ಕಾಣಿಸಿಕೊಳ್ಳುತ್ತದೆ. ಇನ್ನು ‘ಇವರು ನಮ್ಮ ಮೇಷ್ಟ್ರು’, ‘ನನ್ನ ಊರು ಧಾರವಾಡ’ ಎಂಬ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ. ಅಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿಯಬೇಕಾಗಿಲ್ಲ, ಅದು ಕನ್ನಡದ ಸಹಜವಾದ ಪೂರ್ಣವಾಕ್ಯ. ಕಚೇರಿಯ ಪತ್ರಗಳಲ್ಲಿ ‘ಇದು ಅರ್ಜಿದಾರರ ವಿಳಾಸವಾಗಿರುತ್ತದೆ’ ಎಂದು ಎಲ್ಲ ಕಡೆಯೂ ‘ಆಗಿರುತ್ತದೆ’ಯನ್ನು ಅಂಟಿಸುವುದು ಕ್ರಿಯಾಪದವಿಲ್ಲದೆ ವಾಕ್ಯವಿಲ್ಲ ಎಂಬ ಹೆದರಿಕೆಯಿಂದಲೇ ಇರಬೇಕು, ‘ಇದು ಅರ್ಜಿದಾರರ ವಿಳಾಸ’ ಎಂದರೆ ಯಾವ ಕೊರತೆಯೂ ಆಗುವುದಿಲ್ಲ.

ಮಕ್ಕಳು ಹೆಚ್ಚು ಎಡವುವುದು ‘ಹೇಳಿದ’, ‘ಬಂದ’, ‘ನೋಡಿದ’ ಎಂಬ ರೂಪಗಳಲ್ಲಿ. ಆಡುಮಾತಿನಲ್ಲಿಯೂ ಇಂದಿನ ಬಹುಪಾಲು ಗದ್ಯದಲ್ಲಿಯೂ ‘ಹೇಳಿದನು’ ಎಂಬುದರ ‘ನು’ ಉದುರಿ ‘ಅವನು ಹೇಳಿದ’ ಎಂದಾಗುತ್ತದೆ, ಆಗ ಪೂರ್ಣ ಕ್ರಿಯಾಪದಕ್ಕೂ ಕೃದಂತಕ್ಕೂ ರೂಪ ಒಂದೇ ಆಗಿಬಿಡುತ್ತದೆ. ‘ಅವನು ಹೇಳಿದ’ ಎಂಬುದು ಮುಗಿದ ವಾಕ್ಯ. ‘ಅವನು ಹೇಳಿದ ಮಾತು’ ಎಂಬುದು ಇನ್ನೂ ಏನನ್ನೋ ಕಾಯುತ್ತಿರುವ ನಾಮಪದದ ಗುಂಪು. ಇಲ್ಲಿಯೂ ಕರ್ತೃವನ್ನು ಬದಲಿಸಿದರೆ ಸಾಕು: ‘ಅವಳು ಹೇಳಿದಳು’ ಎಂದಾಗುವುದು ಕ್ರಿಯಾಪದ, ‘ಅವಳು ಹೇಳಿದ ಮಾತು’ ಎಂದು ಹಾಗೆಯೇ ಉಳಿಯುವುದು ಕೃದಂತ.

ಕೃದಂತಗಳಲ್ಲಿ ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ ಎಂದು ಮೂರು ಬಗೆಗಳಿರುವುದನ್ನು ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. ಓಟ, ನೋಟ, ಓದುವಿಕೆ ಮುಂತಾದ ಭಾವನಾಮಗಳು ನಾಮಪದಗಳಂತೆಯೇ ನಡೆಯುವುದರಿಂದ ವಾಕ್ಯರಚನೆಯಲ್ಲಿ ತೊಡಕು ತರುವುದಿಲ್ಲ. ಉಳಿದೆರಡರ ಬಗ್ಗೆ ಸ್ವಲ್ಪ ನಿಲ್ಲಬೇಕು.

ಮೊದಲನೆಯದು ‘ಬಂದ’, ‘ಕೊಟ್ಟ’, ‘ಓದುವ’, ‘ಓದದ’ ಎಂಬ ಕೃದಂತನಾಮಗಳು. ಇವು ತಮ್ಮ ಮುಂದಿರುವ ನಾಮಪದಕ್ಕೆ ವಿಶೇಷಣವಾಗುತ್ತವೆ. ಆದರೆ ಆ ನಾಮಪದಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ಇವು ಬಾಯಿಬಿಟ್ಟು ಹೇಳುವುದಿಲ್ಲ. ‘ಪುಸ್ತಕ ಓದಿದ ಹುಡುಗ’ ಎಂಬಲ್ಲಿ ಹುಡುಗನು ಕರ್ತೃ, ‘ಹುಡುಗ ಓದಿದ ಪುಸ್ತಕ’ದಲ್ಲಿ ಪುಸ್ತಕವು ಕರ್ಮ, ‘ಹುಡುಗ ಓದಿದ ಶಾಲೆ’ಯಲ್ಲಿ ಶಾಲೆ ಸ್ಥಳ, ‘ಅವನು ಬಂದ ದಿನ’ದಲ್ಲಿ ದಿನವು ಕಾಲ. ಎಲ್ಲಕ್ಕೂ ‘ಓದಿದ’, ‘ಬಂದ’ ಎಂಬ ಒಂದೇ ರೂಪ. ಸಂಬಂಧವನ್ನು ಕೇಳುವವನೇ ಊಹಿಸಿಕೊಳ್ಳುತ್ತಾನೆ, ಮತ್ತು ಸಾಮಾನ್ಯವಾಗಿ ಸರಿಯಾಗಿಯೇ ಊಹಿಸುತ್ತಾನೆ. ಊಹೆಯಿಂದ ತೀರ್ಮಾನಿಸಲಾಗದ ಜಾಗದಲ್ಲಿ ವಿಭಕ್ತಿ ಪ್ರತ್ಯಯ ನೆರವಿಗೆ ಬರಬೇಕು. ‘ಹುಲಿ ಕೊಂದ ಬೇಟೆಗಾರ’ ಎಂದಷ್ಟೇ ಬರೆದರೆ ಸತ್ತದ್ದು ಹುಲಿಯೋ ಬೇಟೆಗಾರನೋ ತಿಳಿಯುವುದಿಲ್ಲ. ‘ಹುಲಿಯನ್ನು ಕೊಂದ ಬೇಟೆಗಾರ’ ಎಂದರೆ ಬೇಟೆಗಾರ ಉಳಿದುಕೊಳ್ಳುತ್ತಾನೆ. ಪ್ರಥಮಾ, ದ್ವಿತೀಯಾ ಪ್ರತ್ಯಯಗಳನ್ನು ಬಿಟ್ಟು ಬರೆಯುವುದು ಈಗ ವಾಡಿಕೆಯಾಗಿದೆ, ಅದರಲ್ಲಿ ದೋಷವೇನಿಲ್ಲ. ಆದರೆ ಕೃದಂತದ ಹಿಂದೆ ಬಿಡುವಾಗ ಒಮ್ಮೆ ಯೋಚಿಸುವುದು ಒಳ್ಳೆಯದು.

ಎರಡನೆಯದು ‘ಇಟ್ಟು’, ‘ಇಡುತ್ತಾ’, ‘ಇಡದೆ’, ‘ಇಡಲು’ ಎಂಬ ಕೃದಂತಾವ್ಯಯಗಳು. ಕನ್ನಡದ ಉದ್ದನೆಯ ವಾಕ್ಯಗಳು ನಿಂತಿರುವುದೇ ಇವುಗಳ ಮೇಲೆ. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಕೆಲಸಕ್ಕೆ ಹೊರಟನು’ ಎನ್ನುವಾಗ ‘ಮತ್ತು’ ಎಂಬ ಪದದ ಅಗತ್ಯವೇ ಬೀಳುವುದಿಲ್ಲ. ಮೊದಲ ಮೂರು ಕೆಲಸಗಳ ಕಾಲವೂ ಕರ್ತೃವೂ ಕೊನೆಯ ‘ಹೊರಟನು’ ಎಂಬುದರಿಂದ ತಿಳಿಯುತ್ತವೆ. ಹೀಗಿರುವುದರಿಂದಲೇ ಸಾಮಾನ್ಯ ನಿಯಮವೇನೆಂದರೆ, ‘ಇಟ್ಟು’ ಎಂಬ ರೂಪದ ಕರ್ತೃವೂ ಮುಂದಿನ ಪೂರ್ಣ ಕ್ರಿಯಾಪದದ ಕರ್ತೃವೂ ಒಂದೇ ಆಗಿರಬೇಕು. ‘ನಾನು ಬಂದು ಅವನು ಹೋದನು’ ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ‘ನಾನು ಬಂದ ಮೇಲೆ ಅವನು ಹೋದನು’ ಎಂದೋ ‘ನಾನು ಬಂದಾಗ’ ಎಂದೋ ಹೇಳಬೇಕಾಗುತ್ತದೆ. ಹಳಗನ್ನಡದಲ್ಲಿ ಕರ್ತೃಗಳು ಬೇರೆಯಾದಾಗ ಬಳಸಲು ‘ಮಾಡೆ’, ‘ಮಾಡಲ್’ ಎಂಬ ರೂಪಗಳಿದ್ದವು; ಕಾವ್ಯ ಓದುವ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಅನ್ವಯ ಮಾಡುವಾಗ, ಅಂದರೆ ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸುವಾಗ, ಯಾರು ಯಾವ ಕೆಲಸ ಮಾಡಿದರು ಎಂಬ ಗೊಂದಲ ಅರ್ಧದಷ್ಟು ಕಡಿಮೆಯಾಗುತ್ತದೆ.

ಈ ನಿಯಮ ಸಡಿಲವಾಗುವ ಎರಡು ಸಂದರ್ಭಗಳು ನನಗೆ ಬಹಳ ಇಷ್ಟವಾದವು. ಒಂದು, ಮೊದಲ ಕ್ರಿಯೆ ಎರಡನೆಯದಕ್ಕೆ ಕಾರಣವಾದಾಗ: ‘ಮಳೆ ಬಂದು ಕೆರೆ ತುಂಬಿತು’, ‘ಕರೆಂಟು ಹೋಗಿ ಮೋಟರು ನಿಂತಿತು’. ಕರ್ತೃಗಳು ಬೇರೆಬೇರೆಯಾದರೂ ಕಾರ್ಯಕಾರಣಗಳು ಅವುಗಳನ್ನು ಕಟ್ಟಿಹಾಕುವುದರಿಂದ ವಾಕ್ಯ ಸಹಜವಾಗಿ ಕೇಳಿಸುತ್ತದೆ. ಇನ್ನೊಂದು, ಕಳೆದ ಕಾಲವನ್ನು ಹೇಳುವಾಗ: ‘ನಾವು ಈ ಊರಿಗೆ ಬಂದು ಹತ್ತು ವರ್ಷವಾಯಿತು’. ಇವೆರಡೂ ಇಲ್ಲದೆಡೆ ಕರ್ತೃ ಬದಲಾದರೆ ‘ರಜೆ ಮುಗಿಸಿಕೊಂಡು ಊರಿನಿಂದ ಹಿಂತಿರುಗಿ ಶಾಲೆಯ ಬಾಗಿಲು ತೆರೆಯಿತು’ ಎಂಬಂಥ ವಾಕ್ಯಗಳು ಪ್ರಬಂಧಗಳಲ್ಲಿ ಹುಟ್ಟುತ್ತವೆ. ಅಲ್ಲಿ ಊರಿಗೆ ಹೋಗಿ ಬಂದದ್ದು ಶಾಲೆಯ ಬಾಗಿಲೇ ಆಗುತ್ತದೆ.

ಇದೇ ರೂಪ ಇನ್ನೊಂದು ಕ್ರಿಯಾಪದಕ್ಕೆ ಅಂಟಿಕೊಂಡು ಬಂದಾಗ ಎಚ್ಚರಿಕೆ ಬೇಕು. ‘ತಟ್ಟೆ ಒಡೆದುಹೋಯಿತು’ ಎಂದಾಗ ತಟ್ಟೆ ಒಡೆದು ಎಲ್ಲಿಗೂ ಹೋಗಿಲ್ಲ. ‘ಮೇಷ್ಟ್ರು ಲೆಕ್ಕ ಹೇಳಿಕೊಟ್ಟರು’ ಎಂದಾಗ ಕೈಯಿಂದ ಕೈಗೆ ಏನೂ ದಾಟಿಲ್ಲ. ಹೋಗು, ಕೊಡು, ಬಿಡು, ಕೊಳ್ಳು ಎಂಬವು ಇಲ್ಲಿ ತಮ್ಮ ಸ್ವಂತ ಅರ್ಥವನ್ನು ಬಿಟ್ಟು ಹಿಂದಿನ ಕ್ರಿಯೆಗೆ ಸಹಾಯಕವಾಗಿವೆ, ಆದ್ದರಿಂದ ಎರಡೂ ಸೇರಿ ಒಂದೇ ಕ್ರಿಯೆ. ನಡುವೆ ಒಂದು ಪದವನ್ನು ಸೇರಿಸಲು ಆಗುತ್ತದೆಯೇ ಎಂದು ನೋಡಿ: ‘ಪುಸ್ತಕ ತಂದು ನನಗೆ ಕೊಟ್ಟರು’ ಎಂದು ಬಿಡಿಸಬಹುದು, ‘ಒಡೆದು ಬೇಗ ಹೋಯಿತು’ ಎಂದು ಬಿಡಿಸಿದರೆ ಅರ್ಥವೇ ಕೆಟ್ಟುಹೋಗುತ್ತದೆ.

ಈಗ ಸಂಯೋಜಿತ ಮತ್ತು ಮಿಶ್ರ ವಾಕ್ಯಗಳಿಗೆ ಬರೋಣ. ‘ಮೋಡ ಕವಿಯಿತು, ಗಾಳಿ ಬೀಸಿತು, ಆದರೆ ಮಳೆ ಬರಲಿಲ್ಲ’ ಎಂಬಲ್ಲಿ ಮೂರು ಪೂರ್ಣ ಕ್ರಿಯೆಗಳಿವೆ, ಮೂರನ್ನೂ ಬಿಡಿಸಿ ಮೂರು ಸ್ವತಂತ್ರ ವಾಕ್ಯಗಳಾಗಿ ನಿಲ್ಲಿಸಬಹುದು. ಇದು ಸಂಯೋಜಿತ ವಾಕ್ಯ. ‘ನಾಳೆ ಮಳೆ ಬರುತ್ತದೆ ಎಂದು ಅಜ್ಜಿ ಹೇಳಿದರು’ ಎಂಬಲ್ಲಿ ‘ಬರುತ್ತದೆ’, ‘ಹೇಳಿದರು’ ಎಂದು ಎರಡು ಪೂರ್ಣ ಕ್ರಿಯೆಗಳಿದ್ದರೂ ಮೊದಲನೆಯ ವಾಕ್ಯ ಎರಡನೆಯದರ ಹೊಟ್ಟೆಯೊಳಗಿದೆ, ಅಜ್ಜಿ ಹೇಳಿದ್ದು ಏನನ್ನು ಎಂಬ ಪ್ರಶ್ನೆಗೆ ಅದೇ ಉತ್ತರ, ಇದು ಮಿಶ್ರವಾಕ್ಯ. ಮುಗಿದ ವಾಕ್ಯವನ್ನು ಇನ್ನೊಂದರ ಅಧೀನಕ್ಕೆ ತರಲು ಕನ್ನಡದಲ್ಲಿ ಮುಖ್ಯವಾಗಿ ಇರುವ ಉಪಾಯಗಳು ‘ಎಂದು’, ‘ಎಂಬ’, ಮತ್ತು ‘ಯಾರು ದುಡಿಯುತ್ತಾರೋ ಅವರಿಗೆ ಕೂಲಿ ಸಿಗುತ್ತದೆ’ ಎಂಬಲ್ಲಿನ ‘ಓ’. ನಿಮ್ಮ ಮಗಳ ಹಾಳೆಯ ವಾಕ್ಯವನ್ನು ‘ನಾನು ಸಂಜೆಯ ಬಸ್ಸಿಗೆ ಹೊರಡುತ್ತೇನೆ ಎಂದು ಹೇಳಿದನು’ ಎಂದು ಬದಲಿಸಿದ್ದರೆ ‘ಹೊರಡುತ್ತೇನೆ’ ಎಂಬ ಇನ್ನೊಂದು ಪೂರ್ಣ ಕ್ರಿಯಾಪದ ಒಳಗೆ ಬಂದು, ಆ ವಾಕ್ಯ ನಿಮ್ಮ ಮಾತಿನಂತೆಯೇ ಮಿಶ್ರವಾಕ್ಯವಾಗುತ್ತಿತ್ತು. ಅರ್ಥದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ, ರೂಪದಲ್ಲಿ ಮಾತ್ರ ಇದೆ. ಶಾಲೆಯ ಉತ್ತರ ರೂಪವನ್ನು ನೋಡುತ್ತದೆ.

ನಿಮ್ಮ ಅನುಮಾನಕ್ಕೆ ಆಧಾರವಿದೆ ಎಂದದ್ದು ಈ ಕಾರಣಕ್ಕೆ. ನಮ್ಮ ಹಳೆಯ ವ್ಯಾಕರಣಗಳು ಪದಗಳ ರೂಪವನ್ನು ಕುರಿತು ವಿವರವಾಗಿ ಹೇಳುತ್ತವೆ. ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ವಾಕ್ಯವಿಭಾಗವು ಇಂಗ್ಲಿಷ್ ಶಾಲಾ ವ್ಯಾಕರಣದ ಮಾದರಿಯಲ್ಲಿ ಬಂದದ್ದು. ಇಂಗ್ಲಿಷಿನಲ್ಲಿ ‘ಅಮ್ಮ ಕೊಟ್ಟ ಬುತ್ತಿ’ ಎಂಬುದನ್ನು ಹೇಳಬೇಕಾದರೆ ಸಾಮಾನ್ಯವಾಗಿ ಕಾಲವನ್ನು ಹೊತ್ತ ಪೂರ್ಣ ಕ್ರಿಯಾಪದವುಳ್ಳ ಉಪವಾಕ್ಯ ಬರುತ್ತದೆ, ಆದ್ದರಿಂದ ಅಲ್ಲಿ ಅದು ಮಿಶ್ರವಾಕ್ಯದ ಲಕ್ಷಣ. ಕನ್ನಡದಲ್ಲಿ ಅದೇ ಕೆಲಸವನ್ನು ಕೃದಂತ ಮಾಡಿ ಮುಗಿಸುತ್ತದೆ. ಕರ್ತೃವೂ ಕ್ರಿಯೆಯೂ ಇರುವುದರಿಂದ ‘ಅಮ್ಮ ಕೊಟ್ಟ’ ಎಂಬುದನ್ನು ಉಪವಾಕ್ಯವೆಂದೇ ಎಣಿಸಬೇಕೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ, ಮತ್ತು ನನಗೂ ಆ ಮಾತೇ ಹೆಚ್ಚು ಸರಿಯೆನಿಸುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣವನ್ನು ಎರಕಹೊಯ್ಯುವುದನ್ನು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬಹಳ ಕಾಲ ಪ್ರಶ್ನಿಸಿದರು; ವಾಕ್ಯವಿಭಾಗದ ವಿಷಯದಲ್ಲಿ ಅದೇ ಪ್ರಶ್ನೆಯನ್ನು ಇಂಗ್ಲಿಷಿನ ಅಚ್ಚಿಗೂ ಕೇಳಬೇಕಾಗಿದೆ.

ಈ ಎರಡು ಅಳತೆಗಳು ನೇರವಾಗಿ ಡಿಕ್ಕಿ ಹೊಡೆಯುವುದು ‘ಮಳೆ ಬಂದರೆ ಬೆಳೆ ಬರುತ್ತದೆ’ ಎಂಬಂಥ ವಾಕ್ಯಗಳಲ್ಲಿ. ‘ಬಂದರೆ’ ಎಂಬುದಕ್ಕೆ ಆಖ್ಯಾತ ಪ್ರತ್ಯಯವಿಲ್ಲ, ಹೀಗಾಗಿ ಪೂರ್ಣ ಕ್ರಿಯೆ ಒಂದೇ; ಆದರೆ ಕರ್ತೃಗಳು ಎರಡು, ಮತ್ತು ಮೊದಲ ಭಾಗ ಎರಡನೆಯದಕ್ಕೆ ಸ್ಪಷ್ಟವಾಗಿ ಅಧೀನ. ಪೂರ್ಣ ಕ್ರಿಯೆಯನ್ನು ಎಣಿಸುವವರು ಇದನ್ನು ಸಾಮಾನ್ಯ ವಾಕ್ಯವೆನ್ನಬೇಕಾಗುತ್ತದೆ, ಅಧೀನತೆಯನ್ನು ನೋಡುವವರು ಮಿಶ್ರವಾಕ್ಯವೆನ್ನುತ್ತಾರೆ. ಮಗಳಿಗೆ ಪರೀಕ್ಷೆಯಲ್ಲಿ ಇಂಥದ್ದು ಬಂದರೆ ಅವಳ ಪಠ್ಯಪುಸ್ತಕದ ಲಕ್ಷಣವನ್ನೇ ಹಿಡಿಯಲಿ, ಉತ್ತರದ ಜೊತೆಗೆ ‘ಇಲ್ಲಿರುವ ಪೂರ್ಣ ಕ್ರಿಯಾಪದ “ಬರುತ್ತದೆ” ಎಂಬುದೊಂದೇ’ ಎಂಬ ಒಂದು ಸಾಲಿನ ಕಾರಣವನ್ನೂ ಬರೆಯಲಿ. ಕಾರಣ ಸರಿಯಾಗಿರುವ ಉತ್ತರವನ್ನು ಹೊಡೆದುಹಾಕಲು ನನ್ನಂಥ ಮೌಲ್ಯಮಾಪಕರಿಗೆ ಅಷ್ಟು ಸುಲಭವಾಗಿ ಕೈ ಬರುವುದಿಲ್ಲ.