ಎರಡು ಪೆಗ್, ಒಂದು ಹಾಲಿನ ಕ್ಯಾನು, ಹದಿನಾರು ವರ್ಷದ ಕೆಲಸ

ಪ್ರಶ್ನೆ: ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಯಸ್ಸು 43, ಸರ್ವಿಸ್ 16 ವರ್ಷ. ಸ್ವಲ್ಪ ದಿನದ ಹಿಂದೆ ನೆಂಟರ ಮನೆಯ ಬೀಗರ ಊಟಕ್ಕೆ ಹೋಗಿದ್ದೆ. ಎರಡು ಪೆಗ್ ಹಾಕಿದ್ದು ನಿಜ. ಸಂಜೆ ಬೈಕಿನಲ್ಲಿ ವಾಪಸ್ ಬರುವಾಗ ಒಬ್ಬ ಹಾಲಿನವನು ಸೈಕಲ್ ಸಮೇತ ಚರಂಡಿಗೆ ಇಳಿದ, ಅವನಿಗೇನೂ ಆಗಲಿಲ್ಲ. ಮುಂದೆ ಪೊಲೀಸರು ನಿಲ್ಲಿಸಿ ಊದಿಸಿದರು. 148 ಬಂತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 10,000 ರೂಪಾಯಿ ದಂಡ ಕಟ್ಟಿದೆ. ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್ ಆಗಿದೆ. ಶಾಲೆಯಲ್ಲಿ ಗೊತ್ತಿರುವುದು ಒಬ್ಬ ಗೆಳೆಯನಿಗೆ ಮಾತ್ರ. ಅವನು 'ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ, ಸುಮ್ನಿರು' ಅನ್ನುತ್ತಾನೆ. ಹೆಂಡತಿ 'ಅವರು ತೆಗೆಯುವ ಮುಂಚೆ ನೀವೇ ರಾಜೀನಾಮೆ ಕೊಡಿ, ಮಾನವಾದರೂ ಉಳಿಯುತ್ತೆ' ಅನ್ನುತ್ತಾಳೆ. ಇದರ ಮಧ್ಯೆ, ಜನವರಿಯ ರಸ್ತೆ ಸುರಕ್ಷತಾ ಮಾಸಕ್ಕೆ ಮಕ್ಕಳಿಂದ ಪ್ರತಿಜ್ಞೆ ಮಾಡಿಸುವ ಕೆಲಸವನ್ನು ಹೆಡ್‌ಮಾಸ್ಟರು ನನಗೇ ಹಚ್ಚಿದ್ದಾರೆ. ಮೊದಲ ಸಲ ಸಿಕ್ಕಿಹಾಕಿಕೊಂಡ ತಪ್ಪಿಗೆ 16 ವರ್ಷದ ಕೆಲಸ ಹೋಗಬೇಕಾ?
– ಹೆಸರು, ಊರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಮೇಷ್ಟ್ರೇ, ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹೋಗಬಾರದು. ರಾಜೀನಾಮೆ ಬರೆಯಬೇಡಿ, ಬರೆದಿಟ್ಟಿದ್ದರೆ ಒಲೆಗೆ ಹಾಕಿ. ಆದರೆ ನಿಮ್ಮ ಗೆಳೆಯ ಹೇಳಿದ ಹಾಗೆ ಸುಮ್ಮನಿರಲೂ ಬೇಡಿ. ನಿಮ್ಮ ಪತ್ರದಲ್ಲಿ ನನಗೆ ಮುಳ್ಳಿನ ಹಾಗೆ ಚುಚ್ಚಿದ ಸಾಲು ಇನ್ನೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಆಗಿದ್ದೇನು ಅಂತ ಸರಿಯಾಗಿ ತಿಳಿದುಕೊಳ್ಳಿ. 'ದಂಡ ಕಟ್ಟಿದೆ' ಅಂತ ಬರೆದಿದ್ದೀರಿ, ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆ ಬದಿಯಲ್ಲಿ ರಸೀದಿ ಹರಿಸಿಕೊಂಡ ಹಾಗೆ. ಇದು ಅದಲ್ಲ. ಕುಡಿದು ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಅಪರಾಧ. ಪೊಲೀಸರ ಕೈಗೆ ದುಡ್ಡು ಕೊಟ್ಟು ಅಲ್ಲೇ ಮುಗಿಸಲು ಬರುವುದಿಲ್ಲ, ಅದಕ್ಕೇ ನಿಮ್ಮನ್ನು ಕೋರ್ಟಿಗೆ ಕರೆಸಿದ್ದು. ಅಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ದಾಖಲೆಯಲ್ಲಿ ಅಪರಾಧಿ ಅಂತಲೇ ಲೆಕ್ಕ. 2019ರ ತಿದ್ದುಪಡಿಗೆ ಮುಂಚೆ ಇದಕ್ಕೆ ದಂಡ 2,000 ರೂಪಾಯಿವರೆಗೆ ಇತ್ತು. ಈಗ ಮೊದಲ ಸಲಕ್ಕೆ 10,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿದರೆ 15,000, ಜೈಲು ಎರಡು ವರ್ಷದವರೆಗೆ. ಜಡ್ಜ್ ನಿಮ್ಮನ್ನು ಜೈಲಿಗೆ ಕಳಿಸಲಿಲ್ಲ. ಒಂದು ದಿನಕ್ಕೂ ಇಲ್ಲ. ಇದು ನಿಮ್ಮ ಪಾಲಿಗೆ ದೊಡ್ಡ ವಿಷಯ, ಯಾಕಂದರೆ ಸರ್ಕಾರಿ ನೌಕರ 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ಅಮಾನತಾದ ಹಾಗೇ ಲೆಕ್ಕ.

ಇನ್ನು ನಿಮ್ಮ ಗೆಳೆಯನ ಮಾತು. ಅವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ವಿಚಾರಣೆ ಮಾಡದೆ ಸರ್ಕಾರಿ ನೌಕರನನ್ನು ಮನೆಗೆ ಕಳಿಸುವಂತಿಲ್ಲ ಅನ್ನುವುದು ಸಂವಿಧಾನದ 311ನೇ ವಿಧಿ. ಅದರಲ್ಲೇ ಒಂದು ಕಿಂಡಿಯೂ ಇದೆ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ, ಅದಕ್ಕೆ ಕಾರಣವಾದ ನಡತೆಯ ಮೇಲೆ ಇಲಾಖಾ ವಿಚಾರಣೆ ಇಲ್ಲದೆಯೂ ಕ್ರಮ ತೆಗೆದುಕೊಳ್ಳಬಹುದು. ಈ 'ಬಹುದು' ಸ್ಟಾಫ್ ರೂಮಿನಿಂದ ಸ್ಟಾಫ್ ರೂಮಿಗೆ ಹೋಗುವಷ್ಟರಲ್ಲಿ 'ತೆಗೆದೇ ತೆಗೀತಾರೆ' ಆಗಿಬಿಟ್ಟಿದೆ.

ಸುಪ್ರೀಂ ಕೋರ್ಟಿನ ಮುಂದೆ 1985ರಲ್ಲಿ ಬಂದ ಶಂಕರ ದಾಸ್ ಪ್ರಕರಣದ ಬಗ್ಗೆ ನಿಮಗೆ ಹೇಳಲೇಬೇಕು. ಆತ ದೆಹಲಿಯ ಸರ್ಕಾರಿ ಹಾಲು ಸರಬರಾಜು ಸಂಸ್ಥೆಯಲ್ಲಿ ಕ್ಯಾಷ್ ಕ್ಲರ್ಕ್. 500 ರೂಪಾಯಿ ಬಳಸಿಕೊಂಡುಬಿಟ್ಟಿದ್ದ. ಮನೆಯಲ್ಲಿ ಒಂದರ ಹಿಂದೆ ಒಂದು ಕಷ್ಟ. ಮಗ ತೀರಿಕೊಂಡಿದ್ದ, ಹೆಂಡತಿ ಮಹಡಿಯಿಂದ ಬಿದ್ದಿದ್ದಳು, ಮಗಳು ತಿಂಗಳುಗಟ್ಟಲೆ ಕಾಯಿಲೆ ಮಲಗಿದ್ದಳು. ದುಡ್ಡು ವಾಪಸ್ ಕಟ್ಟಿ ತಪ್ಪೊಪ್ಪಿಕೊಂಡ. ಮ್ಯಾಜಿಸ್ಟ್ರೇಟರು ಜೈಲಿಗೆ ಹಾಕದೆ ಪ್ರೊಬೇಷನ್ ಮೇಲೆ, ಅಂದರೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಟ್ಟರು. ಸರ್ಕಾರ ಮಾತ್ರ ಕೆಲಸದಿಂದ ತೆಗೆಯಿತು. ಇಪ್ಪತ್ತು ವರ್ಷ ದಾಟಿದ ಮೇಲೆ ಸುಪ್ರೀಂ ಕೋರ್ಟು ಅವನ ಕೆಲಸವನ್ನೂ ಬಾಕಿ ಸಂಬಳವನ್ನೂ ವಾಪಸ್ ಕೊಡಿಸಿತು. ವಜಾ ಮಾಡುವ ಅಧಿಕಾರ ಇರಬಹುದು, ಅದನ್ನು ನ್ಯಾಯವಾಗಿ, ವಿವೇಚನೆಯಿಂದ ಬಳಸಬೇಕು ಅಂತ ಹೇಳಿತು. ಜಾಗವಲ್ಲದ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿ ಶಿಕ್ಷೆಯಾದವನನ್ನೂ ಕೆಲಸದಿಂದ ತೆಗೆಯಿರಿ ಅನ್ನುವುದು ಸಂವಿಧಾನದ ಉದ್ದೇಶ ಆಗಿರಲಾರದು ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲೇ ಇದೆ.

ನಿಮ್ಮದು ಸ್ಕೂಟರ್ ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪು, ಅದನ್ನು ಮರೆಯಬೇಡಿ. ಆದರೂ ನಮ್ಮ ರಾಜ್ಯದ 1957ರ ಸಿಸಿಎ ನಿಯಮಗಳಲ್ಲಿ (ಸರ್ಕಾರಿ ನೌಕರರ ಶಿಸ್ತಿನ ನಿಯಮಗಳು) ವಜಾ ಅನ್ನುವುದು ಕಟ್ಟಕಡೆಯ ಮೆಟ್ಟಿಲು. ಅದಕ್ಕೆ ಮುಂಚೆ ವಾಗ್ದಂಡನೆ ಇದೆ, ಇನ್‌ಕ್ರಿಮೆಂಟ್ ತಡೆಯುವುದಿದೆ. ನಿಮಗೆ ಇಂಥದ್ದೇನಾದರೂ ಬಂದರೆ ತಕರಾರು ಮಾಡದೆ ತೆಗೆದುಕೊಳ್ಳಿ ಅಂತಲೇ ನನ್ನ ಸಲಹೆ. ಅಪೀಲ್ ಹಾಕಿ ಶಿಕ್ಷೆಯನ್ನೇ ತೆಗೆಸೋಣ ಅಂತ ಯಾರಾದರೂ ಹೇಳಿದರೆ ಜೇಬು ಭದ್ರ. ತಪ್ಪೊಪ್ಪಿಕೊಂಡವರಿಗೆ ಆ ದಾರಿ ತುಂಬಾ ಕಿರಿದು.

ಹಾಗಂತ ಎಲ್ಲರಿಗೂ ಇದೇ ಉತ್ತರ ಕೊಡುತ್ತೇನೆ ಅಂದುಕೊಳ್ಳಬೇಡಿ. ಹಿಂದೆ ಒಂದು ಮಗು ಕೂತಿದ್ದಿದ್ದರೆ, ಅಥವಾ ಶಾಲೆಯ ಹೊತ್ತಿನಲ್ಲಿ ಕುಡಿದಿದ್ದಿದ್ದರೆ, ನಾನು ಇಷ್ಟು ಸಲೀಸಾಗಿ 'ಹೋಗಬಾರದು' ಅನ್ನುತ್ತಿರಲಿಲ್ಲ. ಒಬ್ಬರ ಜೀವ ಹೋಗಿದ್ದಿದ್ದರಂತೂ ನೀವು ಈ ಪತ್ರ ಬರೆಯುತ್ತಿದ್ದದ್ದು ವಕೀಲರಿಗೆ, ನನಗಲ್ಲ. ಮೇಷ್ಟ್ರು ಅಂದಮೇಲೆ ಸ್ವಲ್ಪ ಜಾಸ್ತಿ ಬಿಗಿ ಇರಬೇಕು ಅನ್ನುವವರ ಜೊತೆ ನನ್ನ ಜಗಳವಿಲ್ಲ. ಆದರೆ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿದಿರುತ್ತೆ. ನಿಮ್ಮ ತಪ್ಪಿಗೆ ಆ ಮಕ್ಕಳು ಯಾಕೆ ಫೇಲಾಗಬೇಕು?

ಈಗ ಬಾಯಿ ಬಿಡುವ ವಿಷಯ. ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಪಾಠ ಚೆನ್ನಾಗಿ ಮಾಡುತ್ತಿದ್ದರು. ಮಧ್ಯಾಹ್ನದ ಪೀರಿಯಡ್ಡಿಗೆ ಬಂದರೆ ಏಲಕ್ಕಿ ವಾಸನೆ. ಎರಡು ಮೂರು ಕಾಳು ಒಟ್ಟಿಗೆ ಅಗಿಯುತ್ತಿದ್ದರು ಅನ್ನಿಸುತ್ತೆ. ಯಾರಿಗೂ ಗೊತ್ತಾಗಲ್ಲ ಅಂತ ಅವರ ನಂಬಿಕೆ. ಹಿಂದಿನ ಬೆಂಚಿನವರು ಅವರಿಗೆ 'ಏಲಕ್ಕಿ' ಅಂತಲೇ ಹೆಸರಿಟ್ಟಿದ್ದರು. ಇವತ್ತಿಗೂ ಪಾಯಸ ಕುಡಿಯುವಾಗ ನನಗೆ ಅವರ ನೆನಪಾಗುತ್ತೆ, ಪಾಪ. ಮೇಷ್ಟ್ರೇ, ನಿಮ್ಮನ್ನು ಊದಿಸಿದ್ದು ಹಗಲು ಇರುವಾಗಲೇ, ಊರ ರಸ್ತೆಯಲ್ಲಿ. ಅಲ್ಲಿ ನಿಂತು ನೋಡಿದವರಲ್ಲಿ ನಿಮ್ಮ ಒಬ್ಬ ಹುಡುಗನ ಚಿಕ್ಕಪ್ಪನೂ ಇರಲಿಲ್ಲ ಅಂತ ಹೇಳಬಲ್ಲಿರಾ?

ಇಲಾಖೆಗೂ ಒಂದು ದಿನ ಗೊತ್ತಾಗೇ ಆಗುತ್ತೆ. ನಿಮಗೆ ಆಗದವರು ಒಂದು ಅರ್ಜಿ ಗೀಚಿದರೆ ಸಾಕು. ಆಗ ನಿಮ್ಮ ಮೇಲೆ ಇರುವುದು ಎರಡು ತಪ್ಪು, ಕುಡಿದದ್ದು ಒಂದು, ಮುಚ್ಚಿಟ್ಟದ್ದು ಇನ್ನೊಂದು. ಕೆಲಸಕ್ಕೆ ಸೇರುವಾಗ ಕೇಸು ಮುಚ್ಚಿಟ್ಟವರ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನಿಂದ ಅವತಾರ್ ಸಿಂಗ್ ಪ್ರಕರಣದ ತೀರ್ಪು ಬಂತು. ಸಣ್ಣಪುಟ್ಟ ಕೇಸಾದರೆ ಮುಚ್ಚಿಟ್ಟದ್ದನ್ನೂ ಮನ್ನಿಸಬಹುದು, ಗಂಭೀರವಾದದ್ದಾದರೆ ಕೆಲಸಕ್ಕೇ ಕುತ್ತು ಅನ್ನುವುದು ಅದರ ಸಾರ. ನೀವು ಹೊಸದಾಗಿ ಸೇರುತ್ತಿಲ್ಲ, ನಿಜ. ಆದರೆ ನಿಮ್ಮದು ಸಣ್ಣದೋ ದೊಡ್ಡದೋ ಅಂತ ತೂಗುವುದು ನೀವಲ್ಲ, ಇನ್ಯಾರೋ. ಅದಕ್ಕೇ ಸೇವಾ ವಿಷಯ ಗೊತ್ತಿರುವ ವಕೀಲರನ್ನು ಒಮ್ಮೆ ನೋಡಿ, ಆಮೇಲೆ ಹೆಡ್‌ಮಾಸ್ಟರ ಮೂಲಕ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಒಂದು ಪತ್ರ ಕೊಡಿ. ಕೋರ್ಟ್ ಆದೇಶದ ದೃಢೀಕೃತ ನಕಲು ಲಗತ್ತಿಸಿ. ಯಾವ ದಿನ, ಯಾವ ಸೆಕ್ಷನ್, ಏನು ಶಿಕ್ಷೆ, ದಂಡ ಕಟ್ಟಿದ ರಸೀದಿ ನಂಬರು. ಅರ್ಧ ಪುಟ ಸಾಕು. ನೆಂಟರ ಬಲವಂತ, ಕೆಟ್ಟ ಗಳಿಗೆ, ಇದ್ಯಾವುದೂ ಬೇಡ. ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿ ಮನೆಯಲ್ಲಿಡಿ.

ಪತ್ರದಲ್ಲಿ 'ಎರಡು ಪೆಗ್' ಅಂತಲಂತೂ ಬರೆಯಬೇಡಿ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ನಿಮ್ಮದು 148, ಹೆಚ್ಚುಕಡಿಮೆ ಐದು ಪಟ್ಟು. ಗಣಿತ ಹೇಳಿಕೊಡುವವರಿಗೆ ನಾನೇನು ಲೆಕ್ಕ ಹೇಳಲಿ? ಆ ಪೆಗ್ಗುಗಳು ಭಾರಿ ದೊಡ್ಡವಿದ್ದಿರಬೇಕು.

ಅದೇ ಕಾರಣಕ್ಕೆ 'ಮೊದಲ ಸಲ ಸಿಕ್ಕಿಹಾಕಿಕೊಂಡ ತಪ್ಪು' ಅನ್ನುವ ಮಾತನ್ನೂ ನಾನು ಎರಡು ಸಲ ಓದಿದೆ. ಮೊದಲ ಸಲ ಸಿಕ್ಕಿಹಾಕಿಕೊಂಡಿರಿ, ಸರಿ. ಕುಡಿದು ಓಡಿಸಿದ್ದು ಎಷ್ಟನೇ ಸಲ? ನನಗೆ ಹೇಳುವುದು ಬೇಡ, ನಿಮ್ಮ ಹೆಂಡತಿಗೆ ಹೇಳಿ. ಅವರು ರಾಜೀನಾಮೆ ಕೊಡಿ ಅಂದದ್ದು ಬರೀ ಮಾನಕ್ಕೆ ಹೆದರಿ ಅಂತ ನನಗೆ ಅನ್ನಿಸುವುದಿಲ್ಲ. ಸಂಜೆ ನೀವು ಬರುವುದು ತಡವಾದಾಗಲೆಲ್ಲ ಬೈಕ್ ಸದ್ದಿಗೆ ಕಿವಿ ಕೊಟ್ಟು ಕೂತವರಿಗೆ ಬೇರೆಯ ಭಯವೂ ಇರುತ್ತೆ. ಬಿಡಲು ಆಗುತ್ತಿಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಮಂಡ್ಯದಿಂದ ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್ ಬರಬಹುದು.

ಪ್ರತಿಜ್ಞೆ ಬೋಧಿಸುವ ಕೆಲಸ ಈ ವರ್ಷ ಬೇರೆಯವರು ಮಾಡಲಿ. ಪತ್ರ ಕೊಡುವಾಗಲೇ ಹೆಡ್‌ಮಾಸ್ಟರಿಗೆ ಹೇಳಿ. ಮಕ್ಕಳು ಕೇಳಿದರೆ 'ಹೌದು, ತಪ್ಪು ಮಾಡಿದೆ, ಶಿಕ್ಷೆಯಾಯಿತು' ಅಂದು ಬೋರ್ಡಿಗೆ ತಿರುಗಿ. ಅದನ್ನೇ ಒಂದು ಪೀರಿಯಡ್ ನೀತಿಪಾಠ ಮಾಡಲು ಹೋಗಬೇಡಿ, ಮಕ್ಕಳಿಗೆ ಮುಜುಗರ ಆಗುತ್ತೆ.

ಈಗ ಆ ಸಾಲಿಗೆ ಬರುತ್ತೇನೆ. ನಿಮ್ಮ ಮೂಲ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ನಾಲ್ಕು ಪುಟದಲ್ಲೂ ಆ ಹಾಲಿನವರಿಗೆ ಸಿಕ್ಕಿದ್ದು ಒಂದೇ ವಾಕ್ಯ. 'ಅವನಿಗೇನೂ ಆಗಲಿಲ್ಲ.' ನಿಮಗೆ ಹೇಗೆ ಗೊತ್ತು? ನೀವು ಬೈಕ್ ನಿಲ್ಲಿಸಿದ್ದಾಗಿ ಎಲ್ಲೂ ಬರೆದಿಲ್ಲ. ಸೈಕಲ್ ಚರಂಡಿಗೆ ಇಳಿದರೆ ಹ್ಯಾಂಡಲಿಗೆ ನೇತುಹಾಕಿದ ಕ್ಯಾನು ನೆಟ್ಟಗಿರುತ್ತಾ? ಸಂಜೆ ಕರೆದ ಹಾಲು ಅಷ್ಟೂ ಚೆಲ್ಲಿರುತ್ತೆ. ಡೈರಿಯಲ್ಲಿ ಅವತ್ತು ಅವರ ಪುಸ್ತಕದಲ್ಲಿ ಸೊನ್ನೆ. ಮೊಣಕಾಲು ತರಚಿರಬಹುದು, ಒಂದು ವಾರ ಸೈಕಲ್ ತುಳಿಯಲು ಆಗದೇ ಇದ್ದಿರಬಹುದು. ಅವರು ದೂರು ಕೊಡಲಿಲ್ಲ, ಅಷ್ಟೇ ನಮಗೆ ಗೊತ್ತಿರುವುದು.

ಆ ರಸ್ತೆಯಲ್ಲಿರುವ ಊರಿನ ಡೈರಿಗೆ ಸಂಜೆ ಹಾಲು ಹಾಕುವ ಹೊತ್ತಿಗೆ ಹೋಗಿ. ಸೆಕ್ರೆಟರಿಯನ್ನು ಕೇಳಿದರೆ ಯಾರು ಅಂತ ಹೇಳುತ್ತಾರೆ. ಚೆಲ್ಲಿದ ಹಾಲಿನ ದುಡ್ಡು ಕೊಡಿ, ಸೈಕಲ್ ರಿಪೇರಿಯದ್ದೂ ಕೊಡಿ. ಅವರು ಬೈದರೆ ಬೈಸಿಕೊಳ್ಳಿ. ಬಿಇಒಗೆ ಪತ್ರ ಕೊಡುವ ಮುಂಚೆಯೇ ಹೋಗಿ ಬನ್ನಿ. ಬಸ್ಸಿನಲ್ಲಿ ಹೋಗಿ, ಲೈಸೆನ್ಸ್ ಇನ್ನೂ ಸಸ್ಪೆಂಡ್ ಆಗಿದೆ.